ಮುಂಗಡ ನುಂಗಿದ ಹಾಲ್

ದರ್ಜಿಯೊಬ್ಬ ಮಗಳ ಮದುವೆಗೆಂದು ಹಾಲ್‌ಗೆ ಮುಂಗಡ ಕಟ್ಟಿದ್ದ. ಸಾಂಕ್ರಾಮಿಕ ಬಂತು. ಜನ ಸೇರಬಾರದೆಂದು ಸರಕಾರ ಆಜ್ಞೆ ಹೊರಡಿಸಿತು. ಮದುವೆ ನಡೆಯಲಿಲ್ಲ. ಹಾಲ್‌ನ ಯಜಮಾನ ಮುಂಗಡ ಹಿಂತಿರುಗಿಸಲಿಲ್ಲ. ಮದುವೆಗೆ ಗೊತ್ತಾಗಿದ್ದ ದಿನಕ್ಕೆ ಸ್ವಲ್ಪ ಮೊದಲು ದರ್ಜಿಗೆ ಜ್ವರ ಬಂದಿತ್ತು. ಬಿಳಿ ವ್ಯಾನಿನಲ್ಲಿ ಕರೆದೊಯ್ದಿದ್ದರು. ವಾರ ಕಳೆದ ಮೇಲೆ, ದೊಡ್ಡಾಸ್ಪತ್ರೆಯಲ್ಲಿ ತೀರಿಕೊಂಡರು ಎಂದು ಮನೆಗೆ ಫೋನ್ ಬಂತು. ಹೆಣ ಬರಲಿಲ್ಲ. ದೊಡ್ಡಾಸ್ಪತ್ರೆಗೆ ಹೋಗಿ ಕೇಳಿದರೆ, ಅಂಥವರು ಇಲ್ಲಿಗೆ ಬಂದೇ ಇಲ್ಲ ಎಂದರು.

“ನಾವು ರೆಡಿ ಇದ್ವಿ. ಬರದೇ ಇದ್ದೋರು ನೀವು,” ಎಂದ ಯಜಮಾನ.

ಮಾಸ್ಕು ಅವನ ಗದ್ದಕ್ಕೆ ಜೋಲಿ ಕಟ್ಟಿದ ಹಾಗೆ ನೇತಾಡುತ್ತಿತ್ತು. ಮೇಜಿನ ಮೇಲೆ ಸ್ಯಾನಿಟೈಸರ್ ಬಾಟಲಿ; ಅದನ್ನು ಯಾರೂ ಎತ್ತಿಕೊಂಡು ಹೋಗದಂತೆ ಮೇಜಿನ ಕಾಲಿಗೆ ಸರಪಳಿ. ಕಳ್ಳನಿಗೆ ಊರೆಲ್ಲ ಕಳ್ಳರೇ ಕಾಣುತ್ತಾರೆ.

“ದೀಪ ಹಾಕಿತ್ತು, ಕುರ್ಚಿ ಜೋಡಿಸಿತ್ತು. ನಿಮ್ಮ ಕಡೆಯಿಂದ ಒಂದು ನರಪಿಳ್ಳೆ ಬರಲಿಲ್ಲ. ಹೇಳಮ್ಮ, ಇದ್ರಲ್ಲಿ ಹಾಲ್ ತಪ್ಪೇನಿದೆ?”

“ಬಂದಿದ್ರೆ ಪೊಲೀಸರು ಬೆನ್ನು ಮುರೀತಿದ್ರು,” ಎಂದಳು ದರ್ಜಿಯ ಮಗಳು.

“ಅದು ನಿಮಗೂ ಪೊಲೀಸರಿಗೂ ಬಿಟ್ಟಿದ್ದು. ಮಧ್ಯೆ ನಾನ್ಯಾಕೆ?”

ಹುಡುಗಿಯ ಪಕ್ಕದ ಕುರ್ಚಿಯಲ್ಲಿ ಜಿಗಣೆ ಕೂತಿದ್ದಳು. ಅದು ಅವಳಿಗೆ ಗಂಡಿನ ಕಡೆಯವರು ಇಟ್ಟ ಹೆಸರು. ಮದುವೆಗೆ ಮುಂಚೆ ವರನ ಪೂರ್ವೋತ್ತರ ಕೆದಕಿ ಹೆಣ್ಣಿನ ತಂದೆತಾಯಿಗೆ ತಿಳಿಸುವುದು ಅವಳ ಕಸುಬು: ಕುಡಿಯುತ್ತಾನಾ, ಜೂಜಾಡುತ್ತಾನಾ, ಇನ್ನೊಂದು ಊರಲ್ಲಿ ಇನ್ನೊಂದು ಮನೆ ಇಟ್ಟಿದ್ದಾನಾ. ಕಚ್ಚಿದರೆ ಬಿಡುವುದಿಲ್ಲ ಎಂದು ಬೈಯುತ್ತ ಬೈಯುತ್ತ ಆ ಹೆಸರೇ ನಿಂತಿತು. ಅವಳು ಅದನ್ನೇ ವಿಸಿಟಿಂಗ್ ಕಾರ್ಡಿನ ಮೇಲೆ ಅಚ್ಚು ಹಾಕಿಸಿಕೊಂಡಳು. ಸಾಂಕ್ರಾಮಿಕದಲ್ಲಿ ಮದುವೆಗಳು ನಿಂತಾಗ ಅವಳ ಕಸುಬೂ ನಿಂತಿತ್ತು. ಮೊದಲು ಬಂದ ಕೇಸು ಈ ಹುಡುಗಿಯದು.

ಕೇಸಿನ ಹೆಸರು ಮುಂಗಡ. ಆದರೆ ಹುಡುಗಿಯ ಮುಖ ನೋಡಿದ ಯಾರಿಗಾದರೂ ಗೊತ್ತಾಗುತ್ತಿತ್ತು, ಅವಳು ಹುಡುಕುತ್ತಿದ್ದುದು ಅಪ್ಪನನ್ನು. ಎಲ್ಲಿ ಸತ್ತ, ಯಾರ ಕೈಯಲ್ಲಿ ಸತ್ತ, ಎಲ್ಲಿ ಹೂತರು. ಗಂಡಿನ ಕಡೆಯವರು ಅಪಶಕುನ ಎಂದು ಹೇಳಿ ಸಂಬಂಧ ಮುರಿದದ್ದು ಅವಳಿಗೆ ನೋವೇ ಆಗಿರಲಿಲ್ಲ. ಪೀಡೆ ತೊಲಗಿತು ಅಂದಿದ್ದಳು.

“ನಾನೇನು ಕಟುಕನಲ್ಲ,” ಎಂದು ಯಜಮಾನ ಡ್ರಾಯರ್ ಎಳೆದು ಗುಲಾಬಿ ಬಣ್ಣದ ಚೀಟಿಯೊಂದನ್ನು ಮೇಜಿನ ಮೇಲಿಟ್ಟ. “ಕೂಪನ್. ಕಟ್ಟಿದ ಮುಂಗಡ ಹಾಗೇ ಜೀವಂತ ಇರುತ್ತೆ. ಮುಂದಿನ ಮದುವೆಗೆ ಹೊಂದಿಸ್ಕೊಳ್ಳಿ.”

“ಯಾರ ಮದುವೆಗೆ?”

“ನಿಮ್ಮದಕ್ಕೇ ತಾಯಿ. ಇವತ್ತಲ್ಲ ನಾಳೆ ಯಾವನೋ ಸಿಕ್ಕೇ ಸಿಗ್ತಾನೆ. ಈಗ ತಾನೇ ರಿಟೈರ್ಡ್ ಹೆಡ್‌ಮಾಸ್ಟರ್ ಬಂದು ತಗೊಂಡೋದ್ರು. ಅವರ ಮಗಳು ಆಗಲೇ ರಿಜಿಸ್ಟರ್ ಮದುವೆ ಆಗಿ ಮಗೂನೂ ಹೆತ್ತಾಯ್ತು. ಆದ್ರೂ ತಗೊಂಡ್ರು.”

“ಮತ್ತೆ ಕೂಪನ್ ಯಾರಿಗೆ? ಆ ಮಗುವಿನ ಮದುವೆಗಾ?” ಎಂದಳು ಜಿಗಣೆ.

“ಇರಲಿ ಬಿಡಿ. ಕೂಪನ್ ಏನು ಹಳಸುತ್ತಾ?”

ಆ ಹೆಡ್‌ಮಾಸ್ಟರನನ್ನು ಅವರು ಬಾಗಿಲಲ್ಲೇ ಕಂಡಿದ್ದರು. ಮೂವತ್ತು ವರ್ಷ ಮಕ್ಕಳ ಬೆನ್ನ ಮೇಲೆ ಕೋಲು ಮುರಿದ ಮನುಷ್ಯ ತನ್ನದೇ ಹಣದ ಬದಲಿಗೆ ಗುಲಾಬಿ ಚೀಟಿ ಹಿಡಿದು, ಯಜಮಾನರದು ದೊಡ್ಡ ಮನಸ್ಸು ಎಂದು ಹೊಗಳುತ್ತ ಮೆಟ್ಟಿಲಿಳಿದಿದ್ದ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಎಂದು ಮಕ್ಕಳಿಗೆ ಆತನೇ ಪಾಠ ಮಾಡಿರಬೇಕು. ಪಾಠ ಮಾಡುವವರಿಗೆ ಪಾಠ ಹತ್ತುವುದಿಲ್ಲ. ಸುಲಿಯುವವನ ಚಾಕುವಿನ ಅರ್ಧ ಹರಿತ ಇಂಥ ಕೈಮುಗಿಯುವವರಿಂದಲೇ ಬರುವುದು ಎಂದುಕೊಂಡು ಜಿಗಣೆ ಆತನಿಗೆ ದಾರಿ ಬಿಟ್ಟಿದ್ದಳು, ನಮಸ್ಕಾರ ಹೇಳಿರಲಿಲ್ಲ.

“ಆರೋಗ್ಯ ಇಲಾಖೆಯವರು ನಿಮ್ಮ ಹಾಲನ್ನ ಬಾಡಿಗೆಗೆ ತಗೊಂಡಿದ್ರಂತಲ್ಲ?” ಎಂದು ಕೇಳಿದಳು. “ರೋಗಿಗಳನ್ನ ಇಡೋಕೆ.”

ಯಜಮಾನ ರೆಪ್ಪೆ ಮಿಟುಕಿಸಲಿಲ್ಲ. ತಯಾರಿದ್ದ.

“ಹಿಂದಿನ ಶೆಡ್ಡು. ಪಾತ್ರೆ ತೊಳೆಯೋ ಶೆಡ್ಡು. ಅದನ್ನ ಕೊಟ್ಟಿದ್ದು ನಿಜ, ಸಮಾಜಸೇವೆ. ಹಾಲ್ ಒಳಗೆ ಒಬ್ಬ ರೋಗಿ ಕಾಲಿಟ್ಟಿಲ್ಲ. ನಿಮ್ಮ ಮದುವೆ ದಿನ ಹಾಲ್ ಖಾಲಿ, ಕ್ಲೀನು, ರೆಡಿ. ಹಾಗಿದ್ದಾಗ ಮುಂಗಡ ಯಾಕೆ ವಾಪಸ್?”

ಎಲ್ಲವೂ ಈ ಒಂದು ಮಾತಿನ ಮೇಲೆ ನಿಂತಿತ್ತು. ಹಾಲ್ ಖಾಲಿ ಇದ್ದರೆ ಅವನು ಗೆದ್ದ. ಅದರೊಳಗೆ ರೋಗಿಗಳ ಮಂಚ ಬಿದ್ದಿದ್ದರೆ, ಒಂದೇ ದಿನವನ್ನು ಇಬ್ಬರಿಗೆ ಮಾರಿಕೊಂಡಿದ್ದಾನೆ: ದರ್ಜಿಗೂ, ಇಲಾಖೆಗೂ. ಮೇಯುವುದು ಎರಡು ಹೊಲ, ಹಾಲು ಒಂದೇ ಚೊಂಬಿಗೆ.

ಜಿಗಣೆ ಕೂಪನ್ ಎತ್ತಿ ಬೆಳಕಿಗೆ ಹಿಡಿದು ನೋಡಿದಳು.

“ನನ್ನ ತಂಗಿಗೂ ಒಬ್ಬ ಮಗಳಿದ್ದಾಳೆ,” ಎಂದಳು, ಯಾರಿಗೂ ಅಲ್ಲದಂತೆ. “ಹಾಲ್ ಹುಡುಕ್ತಿದ್ದಾರೆ. ಒಂದ್ಸಲ ಒಳಗೆ ನೋಡಬಹುದಾ?”

ತಂಗಿ ಇರಲಿಲ್ಲ, ಮಗಳೂ ಇರಲಿಲ್ಲ. ಗಿರಾಕಿಯ ವಾಸನೆ ಹತ್ತಿದ್ದೇ ಯಜಮಾನನ ಮೈಯಲ್ಲಿ ಇನ್ನೊಬ್ಬ ಮನುಷ್ಯ ಎದ್ದು ನಿಂತ. ಎದುರಿಗಿರುವವಳು ತನ್ನ ಮೇಲೆ ಕೇಸು ತಂದವಳು ಎಂಬುದನ್ನೂ ಆ ಮನುಷ್ಯ ಮರೆತ. ಅಂಥವರ ಬುದ್ಧಿ ಅಷ್ಟೇ. ಹೊಟ್ಟೆ ಎದ್ದರೆ ತಲೆ ಮಲಗುತ್ತದೆ.

“ಬನ್ನಿ ಅಕ್ಕಾ, ಬನ್ನಿ! ನೋಡೋದಕ್ಕೆ ಕಾಸಿಲ್ಲ.”

ಹಾಲ್‌ನಲ್ಲಿ ಹಸಿ ಬಣ್ಣದ ವಾಸನೆ, ಅದರಡಿಯಲ್ಲಿ ಫಿನೈಲಿನ ವಾಸನೆ. ಮತ್ತೆ ಬುಕಿಂಗ್ ಶುರುವಾಗುವುದೆಂದು ಸಿಂಗಾರ ನಡೆದಿತ್ತು. ವೇದಿಕೆಯ ಪಕ್ಕ ಏಣಿ ಹತ್ತಿ ಬಲ್ಬಿನ ಸರ ಕಟ್ಟುತ್ತಿದ್ದವನು ಯಜಮಾನನ ಹೆಂಡತಿಯ ತಮ್ಮ. ಹಾಲ್‌ಗೆ ಹೆಸರಿಗೆ ಮ್ಯಾನೇಜರು, ಕೆಲಸಕ್ಕೆ ಎಲ್ಲವೂ. ಸಂಬಳವಿಲ್ಲದ ಆಳು ಬೇಕೆಂದರೆ ಬಾಮೈದನನ್ನು ಮನೆಯಲ್ಲಿಟ್ಟುಕೊಳ್ಳಬೇಕು ಎಂದು ತಿಳಿದವರು ಹೇಳುತ್ತಾರೆ.

“ಬಾಮೈದ, ಲೈಟ್ ಹಾಕೋ! ಪಾರ್ಟಿ ಬಂದಿದ್ದಾರೆ.”

ಅವನು ಏಣಿಯ ಮೇಲಿಂದಲೇ ತಿರುಗಿ ನೋಡಿದ. ಹುಡುಗಿಯನ್ನು ಕಂಡವನು ಕಣ್ಣನ್ನು ಸಟಕ್ಕನೆ ಬಲ್ಬಿಗೆ ಹೊರಳಿಸಿಕೊಂಡ. ಜಿಗಣೆಗೆ ಅದು ಕಾಣದೆ ಹೋಗಲಿಲ್ಲ. ವರರು ಹಳೆಯ ಪ್ರೇಯಸಿಯನ್ನು ಬೀದಿಯಲ್ಲಿ ಕಂಡಾಗ ಹೀಗೇ ಮಾಡುತ್ತಾರೆ. ಇವನು ಹುಡುಗಿಯ ಮುಖ ಬಲ್ಲ. ಆದರೆ ಹುಡುಗಿ ಇವನನ್ನು ಇವತ್ತೇ ಮೊದಲು ನೋಡುತ್ತಿರುವುದು.

ಯಜಮಾನ ಹೊಗಳಿಕೆ ಶುರುಮಾಡಿದ. ನೆಲ ನೋಡಿ, ಕನ್ನಡಿ. ಫ್ಯಾನು ನೋಡಿ, ಸದ್ದಿಲ್ಲ. ಪರದೆ ನೋಡಿ, ಮಖಮಲ್ಲು.

“ಈ ಪರದೆ ಬಂದಿದ್ದೇ ಇವರ ಮದುವೆ ವಾರ. ಪಾರ್ಸಲ್ ಬಿಚ್ಚಿ ನೆಟ್ಟಗೆ ವೇದಿಕೆಗೆ ಹಾಕ್ಸಿದ್ದು. ಅವತ್ತಿಂದ ಇವತ್ತಿನವರೆಗೂ ಒಬ್ಬರೂ ಕೈ ಹಚ್ಚಿಲ್ಲ. ಹಂಗಿಟ್ಟಿದ್ದೆ ಹಾಲನ್ನ ನಿಮಗೋಸ್ಕರ. ಆ ಖರ್ಚು ಯಾರು ಕೊಡಬೇಕು?”

“ಒಬ್ಬರೂ ಮುಟ್ಟಿಲ್ಲ?” ಎಂದಳು ಜಿಗಣೆ.

“ಒಬ್ಬರೂ ಇಲ್ಲ.”

ಅವಳು ತಲೆದೂಗಿ, ಪಕ್ಕದ ಗೋಡೆಯುದ್ದಕ್ಕೂ ನಿಧಾನ ನಡೆದಳು. ಗೋಡೆಗೆ ಹೊಸದಾಗಿ ತಿಳಿ ಹಳದಿ ಬಣ್ಣ ಬಳಿದಿದ್ದರು. ಅಗ್ಗದ ಬಣ್ಣ. ಅದರ ಅಡಿಯಿಂದ, ಸೊಂಟದ ಎತ್ತರಕ್ಕಿಂತ ತುಸು ಮೇಲೆ, ಕಂದು ಕಲೆಯೊಂದು ಮೇಲೆದ್ದಿತ್ತು. ಅಂಗೈಯಗಲ, ದುಂಡಗೆ. ಮೂಸಿದಳು. ತಲೆಗೆಣ್ಣೆ.

ಇನ್ನಷ್ಟು ಮುಂದೆ ಅಂಥದೇ ಕಲೆ. ಅದರಾಚೆ ಇನ್ನೊಂದು. ಗೋಡೆಯ ಆ ತುದಿಯವರೆಗೂ ಸಾಲು, ಒಂದಕ್ಕೊಂದು ಒಂದೇ ಅಂತರ, ಎಲ್ಲವೂ ಒಂದೇ ಎತ್ತರ. ಬಣ್ಣಕ್ಕೆ ನಾಚಿಕೆ ಇರಲಿಲ್ಲ. ಯಜಮಾನ ಮುಚ್ಚಿಟ್ಟಿದ್ದನ್ನೆಲ್ಲ ಅದು ಹೊರಗೆ ಬಿಟ್ಟಿತ್ತು.

“ಇದೇನಿದು?”

“ಅದಾ? ಮದುವೆಗೆ ಬಂದ ನೆಂಟರು ಒರಗಿರ್ತಾರೆ. ಜನ ಅಂದ್ಮೇಲೆ ಎಣ್ಣೆ ಇದ್ದೇ ಇರುತ್ತೆ.”

“ನೆಂಟರು ಗೋಡೆಗೆ ಬೆನ್ನು ಕೊಟ್ಟು ಮದುವೆ ನೋಡ್ತಾರಾ? ನಿಮ್ಮ ಕುರ್ಚಿಗಳೆಲ್ಲ ವೇದಿಕೆ ಕಡೆ ಮುಖ ಮಾಡಿವೆ.” ಅವಳು ಕುರ್ಚಿಯೊಂದನ್ನು ಎಳೆದು ಗೋಡೆಗೆ ತಾಗಿಸಿ ಕೂತು ತಲೆ ಒರಗಿಸಿದಳು. ಕಲೆ ಅವಳ ತಲೆಗಿಂತ ಕೆಳಗಿತ್ತು, ಹೆಗಲಿನ ಮಟ್ಟಕ್ಕೆ. “ಕುರ್ಚಿ ಎತ್ತರ ಆಯ್ತು. ತಗ್ಗು ಮಂಚದ ಮೇಲೆ ಕೂತು ಒರಗಿದ್ರೆ ಸರಿ ಹೋಗುತ್ತೆ. ದಿನಗಟ್ಟಲೆ ಒರಗಿರಬೇಕು, ಇಷ್ಟು ಎಣ್ಣೆ ಇಳಿಯೋಕೆ. ನಿಮ್ಮ ನೆಂಟರು ಮಂಚ ಹೊತ್ಕೊಂಡು ಬರ್ತಾರಾ?”

“ಅಕ್ಕಾ, ನೀವು ಹಾಲ್ ನೋಡೋಕೆ ಬಂದಿರೋ, ಗೋಡೆ ನೆಕ್ಕೋಕೆ ಬಂದಿರೋ?”

ನಗಲು ಹೋದ. ನಗೆ ಅರ್ಧಕ್ಕೇ ನಿಂತಿತು. ಕೈ ಗದ್ದದ ಮಾಸ್ಕನ್ನು ಹುಡುಕಿ ಮೂಗಿನ ಮೇಲೆ ಎಳೆದುಕೊಂಡಿತು. ಸುಳ್ಳು ಹಿಡಿದಾಗ ಮನುಷ್ಯನಿಗೆ ಆರೋಗ್ಯದ ಕಾಳಜಿ ಹೆಚ್ಚುತ್ತದೆ.

“ಎಣ್ಣೆ ಕಲೆ ತಗೊಂಡೋಗಿ ಕೋರ್ಟಿಗೆ ತೋರಿಸಿ,” ಎಂದ. “ಜಡ್ಜೂ ನಗ್ತಾರೆ.”

ಆ ಮಾತು ನಿಜವೇ ಆಗಿತ್ತು. ಕಲೆಗೆ ಬಾಯಿಲ್ಲ. ಮಂಚ ಹಾಕಿದ್ದರೂ ಯಾವಾಗ ಹಾಕಿದ್ದರು, ಯಾರು ಮಲಗಿದ್ದರು ಎಂದು ಅದು ಹೇಳದು. ಜಿಗಣೆ ಮುಂದಿನ ಪ್ರಶ್ನೆ ಹುಡುಕುತ್ತಿರುವಾಗ ವೇದಿಕೆಯ ಕಡೆಯಿಂದ ದನಿ ಬಂತು.

“ಅಕ್ಕಾ, ಇಲ್ಲಿ ಬನ್ನಿ.”

ದರ್ಜಿ ಮನೆಯಲ್ಲಿ ಬೆಳೆದವರ ಕೈ ಬಟ್ಟೆ ಕಂಡರೆ ಸುಮ್ಮನಿರುವುದಿಲ್ಲ. ಹುಡುಗಿ ವೇದಿಕೆ ಹತ್ತಿ ಪರದೆಯ ಒಂದು ಮಗ್ಗುಲನ್ನು ಹೊರಳಿಸಿ ಹಿಡಿದಿದ್ದಳು. ಹೊರಗಿನಿಂದ ಏನೂ ಕಾಣದ ಜಾಗದಲ್ಲಿ, ಒಳಮೈಗೆ ತೇಪೆ ಬಿದ್ದಿತ್ತು. ಕಿಟಕಿಯ ಸರಳಿಗೋ ಮೊಳೆಗೋ ಸಿಕ್ಕಿಸಿದಾಗ ಮಖಮಲ್ ಸೀಳಿದೆ. ಯಾರೋ ಅದರ ಹಿಂದೆ ನೀಲಿ ಹತ್ತಿ ಬಟ್ಟೆಯ ತುಂಡಿಟ್ಟು ಸಣ್ಣ ಸಣ್ಣ ಹೊಲಿಗೆ ಹಾಕಿದ್ದಾರೆ. ನೀಲಿ ತುಂಡಿನ ಮೂಲೆಯಲ್ಲಿ ಕಪ್ಪು ಮುದ್ರೆಯ ಅರ್ಧ ಉಳಿದಿತ್ತು. ಅದನ್ನು ಓದಲು ಕನ್ನಡಕ ಬೇಕಿರಲಿಲ್ಲ. ಆರೋಗ್ಯ ಇಲಾಖೆಯ ಹಾಸಿಗೆ ಬಟ್ಟೆ.

“ಶೆಡ್ಡಿನಲ್ಲಿದ್ದ ರೋಗಿಗಳ ಹಾಸಿಗೆ ವೇದಿಕೆ ಪರದೆಗೆ ಹೇಗೆ ಬಂತು?” ಎಂದಳು ಜಿಗಣೆ. “ಒಬ್ಬರೂ ಕೈ ಹಚ್ಚಿಲ್ಲ ಅಂದ್ರಲ್ಲ ಈಗ ತಾನೇ. ಗಂಡಸರು ಆ ಕಡೆ, ಹೆಂಗಸರು ಈ ಕಡೆ ಅಂತ ಹಾಲ್ ಮಧ್ಯೆ ಇದನ್ನ ಎಳೆದು ಕಟ್ಟಿದ್ರಾ?”

“ಯಾವನೋ ಹೊಲಿದಿದ್ದಾನೆ. ಯಾವನೋ ಅಡ್ನಾಡಿ ದರ್ಜಿ. ಊರಲ್ಲಿ ದರ್ಜಿಗಳಿಗೇನು ಬರವೇ?”

ಹುಡುಗಿ ತೇಪೆಯ ಮೇಲಿಂದ ಬೆರಳು ತೆಗೆಯಲಿಲ್ಲ. ತನ್ನ ಮುಖದ ಮಾಸ್ಕನ್ನು ಇನ್ನೊಂದು ಕೈಯಿಂದ ಕಳಚಿದಳು. ರೋಗ ಶುರುವಾದ ದಿನಗಳಲ್ಲಿ ಅವಳಪ್ಪ ಇಡೀ ಬೀದಿಗೆ ಮಾಸ್ಕು ಹೊಲಿದುಕೊಟ್ಟಿದ್ದ. ಮಿಷನ್ ಹೊಲಿಗೆ ಕೆನ್ನೆಗೆ ಚುಚ್ಚುತ್ತದೆಂದು ಅಂಚನ್ನು ಕೈಯಲ್ಲೇ ಮಡಿಸಿ ಹೊಲಿಯುತ್ತಿದ್ದ. ಅವಳು ಮಾಸ್ಕನ್ನು ಪರದೆಯ ಪಕ್ಕಕ್ಕೆ ಹಿಡಿದಳು.

“ಅಪ್ಪ ಎಡಚ. ಎಲ್ಲರ ಹೊಲಿಗೆ ಒಂದು ಕಡೆ ವಾಲಿದ್ರೆ ಅಪ್ಪನದು ಅದರ ಎದುರು ಕಡೆಗೆ. ದಾರ ಮುಗಿದಲ್ಲಿ ಗಂಟು ಹಾಕೋರಲ್ಲ. ಹಿಂದಕ್ಕೆ ಬಂದು, ಹೊಲಿಗೆ ಒಳಗೇ ದಾರ ನುಸುಳಿಸಿ ಕಚ್ಚಿ ಹರಿಯೋರು. ಗಂಟು ಹಾಕೋದು ಮೂಟೆಗೆ, ಬಟ್ಟೆಗಲ್ಲ ಅನ್ನೋರು. ನೋಡಿ.”

ಜಿಗಣೆ ನೋಡಿದಳು. ಎರಡೂ ಹೊಲಿಗೆ ಒಂದೇ ದಿಕ್ಕಿಗೆ ವಾಲಿದ್ದವು. ಎರಡರಲ್ಲೂ ಗಂಟಿರಲಿಲ್ಲ.

“ಅವರ ಅಂಗಿ ಕಾಲರಿನ ಒಳಗೆ ಯಾವಾಗ್ಲೂ ಒಂದು ಸೂಜಿ ಇರ್ತಿತ್ತು,” ಎಂದಳು ಹುಡುಗಿ. ಅವಳ ದನಿ ಏರಲಿಲ್ಲ, ಒಡೆಯಲೂ ಇಲ್ಲ. “ಜ್ವರದಲ್ಲಿ ಕೂಡ ಹರಿದ ಬಟ್ಟೆ ನೋಡ್ಕೊಂಡು ಸುಮ್ನೆ ಮಲಗೋಕೆ ಆಗಿರಲ್ಲ ಅವರಿಗೆ. ದೊಡ್ಡಾಸ್ಪತ್ರೆಗೆ ಹೋಗೇ ಇಲ್ಲ ಅಪ್ಪ. ಇಲ್ಲೇ ಇದ್ರು. ನನ್ನ ಮದುವೆ ದಿನ ಅಪ್ಪ ಈ ಹಾಲ್‌ನಲ್ಲೇ ಇದ್ರು.”

ಆಮೇಲೆ ಯಜಮಾನನ ಕಡೆ ತಿರುಗಿದಳು.

“ನಮ್ಮ ಕಡೆಯಿಂದ ಒಬ್ಬರು ಬಂದಿದ್ರಲ್ಲ ಸ್ವಾಮಿ.”

ಹಾಲ್‌ನ ಫ್ಯಾನುಗಳು ಸದ್ದಿಲ್ಲದೆ ತಿರುಗುತ್ತಿದ್ದವು. ಫ್ಯಾನಿನ ವಿಷಯದಲ್ಲಿ ಮಾತ್ರ ಯಜಮಾನ ಸುಳ್ಳು ಹೇಳಿರಲಿಲ್ಲ.

ಮಗಳ ಮದುವೆಗೆಂದು ಹಣ ಕಟ್ಟಿ ಹಿಡಿದ ಜಾಗದಲ್ಲೇ ರೋಗಿಯಾಗಿ ಮಲಗಿ, ತನ್ನ ಮುಂಗಡ ನುಂಗಿದವನ ಪರದೆಗೆ ತೇಪೆ ಹಾಕಿಕೊಟ್ಟ ಮನುಷ್ಯ! ಆ ಪರದೆಯಡಿ ನಿಂತು ಇವನು ಸಮಾಜಸೇವೆಯ ಮಾತಾಡುತ್ತಾನೆ. ಜಿಗಣೆ ತನ್ನ ಕಸುಬಿನಲ್ಲಿ ಎರಡು ಹೆಂಡಿರ ಗಂಡಂದಿರನ್ನು ಕಂಡಿದ್ದಳು, ಸತ್ತ ತಾಯಿಯ ಪಿಂಚಣಿ ತಿನ್ನುವ ಮಕ್ಕಳನ್ನು ಕಂಡಿದ್ದಳು. ಅವರಲ್ಲಿ ಕೆಲವರಿಗಾದರೂ ಸಿಕ್ಕಿಬಿದ್ದಾಗ ಬೆವರು ಬರುತ್ತಿತ್ತು. ಇವನು ಜೇಬಿಗೆ ಕೈ ಹಾಕಿದ.

“ಆಯ್ತಮ್ಮ. ಆಗಿದ್ದು ಆಯ್ತು. ಮುಂಗಡ ಪೂರ್ತಿ ಕೊಡ್ತೀನಿ. ಈಗಲೇ, ಈ ಕೈಯಲ್ಲಿ. ಮೇಲಿಷ್ಟು ಬಡ್ಡಿನೂ ಇಟ್ಕೊಳ್ಳಿ. ಸಾಕಲ್ಲ?”

“ಅಪ್ಪ ಎಲ್ಲಿ?”

“ನೋಡು, ಎಷ್ಟೋ ಜನ ಬಂದ್ರು, ಎಷ್ಟೋ ಜನ ಹೋದ್ರು—”

“ಯಾರೂ ಬಂದಿಲ್ಲ ಅಂದ್ರಿ!”

“—ಎಲ್ಲರ ಲೆಕ್ಕ ನಾನಿಟ್ಟಿರ್ತೀನಾ? ನಾನು ಜಾಗ ಕೊಟ್ಟೋನು. ಬಿಲ್ಡಿಂಗ್ ಓನರ್. ರೋಗಿ ಬದುಕಿದ, ಸತ್ತ, ಅದು ಇಲಾಖೆಯೋರಿಗೆ ಸೇರಿದ್ದು.”

“ಮನೆಗೆ ಫೋನ್ ಮಾಡಿ ದೊಡ್ಡಾಸ್ಪತ್ರೆ ಅಂತ ಸುಳ್ಳು ಹೇಳಿದ್ದು ಯಾರು? ಅದೂ ಇಲಾಖೆಗೆ ಸೇರಿದ್ದಾ?” ಎಂದಳು ಜಿಗಣೆ. ಮೊಬೈಲ್ ತೆಗೆದು ತೇಪೆಯ ಫೋಟೋ ಹಿಡಿದಳು, ಹತ್ತಿರದಿಂದ, ಮಾಸ್ಕನ್ನು ಪಕ್ಕದಲ್ಲಿಟ್ಟು.

ಯಜಮಾನ ತಡೆಯಲಿಲ್ಲ. ಅವನ ಮುಖದಿಂದ ಗಿರಾಕಿಗೆಂದು ಇಟ್ಟುಕೊಂಡಿದ್ದ ಬೆಣ್ಣೆ ಕರಗಿಹೋಗಿತ್ತು.

“ಹಿಡಿ, ಎಷ್ಟು ಬೇಕೋ ಹಿಡಿ. ಬಟ್ಟೆನೇ ಇಲ್ಲದ ಮೇಲೆ ಫೋಟೋ ಇಟ್ಕೊಂಡು ಏನು ಹರಿದುಕೊಳ್ತೀಯ?” ಏಣಿಯ ಕಡೆ ತಿರುಗಿ ಕೂಗಿದ. “ಬಾಮೈದ! ಪರದೆ ಇಳಿಸು. ಹಿತ್ತಲಿಗೆ ತಗೊಂಡೋಗಿ ಸೀಮೆಎಣ್ಣೆ ಸುರಿದು ಕಡ್ಡಿ ಗೀರು.”

ಹುಡುಗಿ ಪರದೆಯನ್ನು ಎರಡು ಕೈಯಲ್ಲಿ ತಬ್ಬಿ ಹಿಡಿದಳು. ಜಿಗಣೆ ಅವಳ ಮುಂದೆ ಅಡ್ಡ ನಿಂತಳು. ಐವತ್ತು ದಾಟಿದ ಹೆಂಗಸು, ಮಂಡಿ ನೋವು. ಬಾಮೈದ ದಪ್ಪ ತೋಳಿನವನು. ತಳ್ಳಿದರೆ ಬೀಳುವುದು ಯಾರೆಂದು ನಾಲ್ವರಿಗೂ ಗೊತ್ತಿತ್ತು.

ಬಾಮೈದ ಏಣಿಯಿಂದ ಇಳಿದ. ಕೈಯಲ್ಲಿದ್ದ ಬಲ್ಬಿನ ಸರವನ್ನು ಮೆಲ್ಲಗೆ ಸುರುಳಿ ಸುತ್ತಿ ನೆಲಕ್ಕಿಟ್ಟ. ವೇದಿಕೆಯ ಮೆಟ್ಟಿಲ ಹತ್ತಿರ ಬಂದು ನಿಂತ. ಅಲ್ಲಿಂದ ಮೇಲಕ್ಕೆ ಹತ್ತಲಿಲ್ಲ.

“ಏನೋ ನೋಡ್ತಾ ನಿಂತೆ? ಕಿವಿಗೆ ಬಣ್ಣ ಬಿದ್ದಿದೆಯಾ?”

“ಭಾವ,” ಎಂದ ಅವನು. “ಆ ಫೋನ್ ಮಾಡಿದ್ದು ನಾನು.”

“ಬಾಯಿ ಮುಚ್ಚು.”

“ನೀವು ಬರೆದುಕೊಟ್ಟ ಹಾಗೇ ಹೇಳಿದೆ. ದೊಡ್ಡಾಸ್ಪತ್ರೆಯಲ್ಲಿ ತೀರ್ಕೊಂಡ್ರು ಅಂತ.” ಅವನು ಹುಡುಗಿಯತ್ತ ನೋಡಲು ಎರಡು ಸಲ ಯತ್ನಿಸಿ ಮೂರನೆಯ ಸಲ ನೋಡಿದ. “ನಿಮ್ಮ ಫೋಟೋ ತೋರಿಸ್ತಿದ್ರು ಅವರು, ಎಲ್ಲರಿಗೂ. ನಂಗೂ ತೋರಿಸಿದ್ರು, ಇವಳ ಮದುವೆಗೆ ಹಿಡಿದ ಹಾಲ್ ಇದೇ ಅಂತ. ಮಾರನೇ ದಿನ ಅವರ ಚೀಲ ಸುಡು ಅಂದ್ರು ಭಾವ. ಹಿತ್ತಲಲ್ಲಿ ಸುಟ್ಟೆ.”

“ಅಪ್ಪ ಸತ್ತ ಮಾರನೇ ದಿನ?” ಎಂದಳು ಹುಡುಗಿ.

“ಫೋನ್ ಮಾಡಿದ ಮಾರನೇ ದಿನ.” ಬಾಮೈದ ಹಿತ್ತಲ ಕಡೆ ಕೈ ತೋರಿಸಿದ. “ಚೀಲ ಉರೀತಿರೋವಾಗ ಕಿಟಕಿ ಹತ್ತಿರ ಬಂದು ನಿಂತಿದ್ರು. ನನ್ನೇ ನೋಡ್ತಿದ್ರು. ನಡೀತಿದ್ರಮ್ಮ ನಿಮ್ಮಪ್ಪ, ಜ್ವರ ಬಿಟ್ಟಿತ್ತು.”

ಹುಡುಗಿಯ ಕೈಯಿಂದ ಪರದೆ ಜಾರಲಿಲ್ಲ. ಮುಷ್ಟಿ ಇನ್ನಷ್ಟು ಬಿಗಿಯಿತು.

ಯಜಮಾನ ಮೂರು ಹೆಜ್ಜೆಗೆ ಬಂದು ಬಾಮೈದನ ಕೊರಳಪಟ್ಟಿ ಹಿಡಿದ. ಅಕ್ಕನ ಗಂಡ, ಅನ್ನ ಹಾಕಿದವನು, ನಾಲ್ಕು ಜನರೆದುರು ಇವನನ್ನು ನಾಯಿ ಎಂದು ಕರೆದು ರೂಢಿಯಿದ್ದವನು.

“ನನ್ನ ಮನೆ ಉಪ್ಪು ತಿಂದು ನನಗೇ ಬತ್ತಿ ಇಡ್ತೀಯಾ? ನಿಮ್ಮಕ್ಕನ್ನ ಇವತ್ತು ಸಂಜೆನೇ ನಿನ್ನ ಬಾಗಿಲಿಗೆ ಕಳಿಸ್ತೀನಿ. ಪರದೆ ಇಳಿಸು.”

“ಕಳಿಸಿ. ಅಕ್ಕ ಬಂದ್ರೆ ಇರ್ತಾಳೆ.”

“ಇಳಿಸೋ, ಬೇವರ್ಸಿ!”

ಬಾಮೈದ ಕೊರಳಪಟ್ಟಿ ಬಿಡಿಸಿಕೊಳ್ಳಲೂ ಹೋಗಲಿಲ್ಲ. ಹಾಗೇ, ಭಾವನ ಮುಷ್ಟಿಯೊಳಗೇ ನಿಂತು, ವೇದಿಕೆಯ ಮೆಟ್ಟಿಲಿಗೆ ಅಡ್ಡವಾಗಿ ಕಾಲು ಚಾಚಿದ.

“ಇಳಿಸಲ್ಲ,” ಎಂದ. “ಇಳಿಸೋಕೆ ಬಿಡೋದೂ ಇಲ್ಲ.”